ಮಂಕಾಗಿದ್ದು ಲೈಟೋ ಕಣ್ಣೋ

ಕೋವೆಂಟ್ರಿ
ನವೆಂಬರ್ 2

ಅಪ್ಪ, ಅಮ್ಮನಿಗೆ ನಮಸ್ಕಾರ. ಇಲ್ಲಿ ನಾವು ಮೂರೂ ಜನ ಕ್ಷೇಮ. ಸುಮಕ್ಕನ ಕೈಲಿ ಕಳಿಸಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲ ಮುಟ್ಟಿತು. ಹಪ್ಪಳದ ಡಬ್ಬದಲ್ಲಿ ಮಡಿಸಿಟ್ಟಿದ್ದ ಅಮ್ಮನ ಕಾಗದವೂ ಮುಟ್ಟಿತು.

ಅಪ್ಪ, ಈ ಕಾಗದ ನಿಮಗೇ. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀವು "ತಗೋ, ಅಮ್ಮನ ಹತ್ರ ಮಾತಾಡು" ಅಂತ ಫೋನ್ ದಾಟಿಸಿಬಿಡ್ತೀರಿ. ಅಮ್ಮನ ಮೇಲೆ ಸಿಟ್ಟು ಮಾಡ್ಕೋಬೇಡಿ. ಬಣಕಲ್ ಮದುವೆಯಿಂದ ರಾತ್ರಿ ಬರುವಾಗ ಕಾರು ಮೋರಿ ಕಟ್ಟೆಗೆ ತಾಗಿದ್ದು, ಬಂಪರ್ ಒಡೆದಿದ್ದು, ಅಮ್ಮನ ಮೊಣಕೈ ತರಚಿದ್ದು ಮೂರು ವಾರ ಆದ್ಮೇಲೆ ನನಗೆ ಗೊತ್ತಾಯ್ತು. ಆ ಕಟ್ಟೆ ನಾನು ಹುಟ್ಟುವ ಮೊದಲಿಂದ ಅಲ್ಲೇ ಇದೆ. ಚಾರ್ಮಾಡಿ ಘಾಟಿಯನ್ನು ಮಳೆಗಾಲದ ಮಂಜಿನಲ್ಲಿ ಜೀಪಲ್ಲಿ ಇಳಿದು ಹತ್ತಿದವರು ನೀವು. ನಿಮಗೆ ಆ ಕಟ್ಟೆ ಕಾಣಲಿಲ್ಲ ಅಂದ್ರೆ ನನಗೆ ಹೊಟ್ಟೆಯಲ್ಲಿ ಹೇಗಾಗಿರಬೇಡ?

"ಕಾರಿನ ಲೈಟು ಮಂಕಾಗಿದೆ, ಅದಕ್ಕೇ ಹಾಗಾಯ್ತು" ಅಂತ ನೀವು ಹೇಳಿದಿರಂತೆ. ಶರತ ನೂರು ವ್ಯಾಟಿನ ಬಲ್ಬು ತಂದು ಹಾಕಿದನಂತೆ. ಆದ್ರೂ ಸರಿ ಕಾಣಲ್ಲ ಅಂತೀರಂತೆ. ಲೈಟು ಮಂಕಾಗೋದು ಸುಳ್ಳಲ್ಲ ಅಪ್ಪ. ನನಗೂ ಹೋದ ತಿಂಗಳು ಅದೇ ಆಯ್ತು, ಅದನ್ನ ಮೊದಲು ಹೇಳ್ತೀನಿ.

ಇಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಓಟಿ ಅಂತ ಒಂದು ತಪಾಸಣೆ ಮಾಡಿಸಲೇಬೇಕು. ಬ್ರೇಕು, ಟೈರು, ಹೊಗೆ, ಲೈಟು ಎಲ್ಲ ನೋಡ್ತಾರೆ. ನಮ್ಮ ಕಾರು 2011ರದ್ದು. ಗ್ಯಾರೇಜಿನವನು ಹೆಡ್‌ಲೈಟಿನ ಮುಂದೆ ಒಂದು ಪೆಟ್ಟಿಗೆ ಇಟ್ಟು ಬೆಳಕು ಎಲ್ಲಿ ಬೀಳುತ್ತೆ ಅಂತ ನೋಡಿದ. "ಬೆಳಕಿನ ಅಂಚೇ ಕಾಣ್ತಿಲ್ಲ, ಅಳೆಯೋದು ಎಲ್ಲಿಂದ?" ಅಂತ ಫೇಲ್ ಮಾಡಿದ. ಎರಡೂ ಲೈಟು ಹೊಸದು ಹಾಕೋಕೆ 380 ಪೌಂಡ್ ಕೇಳಿದ. ನಾನು ಮನೆಗೆ ಬಂದು ಇಪ್ಪತ್ತು ಪೌಂಡಿನ ಸಾಮಾನು ತಂದು ನಾನೇ ಮಾಡಿದೆ. ಇವರು ಹೊಸ ಲೈಟೇ ಹಾಕಿಸೋಣ ಅಂದ್ರು. ಜೀಪಿನ ಪ್ಲಗ್ ಬಿಚ್ಚಿ ತೊಳೆಯೋದು ಏಳನೇ ಕ್ಲಾಸಿಗೇ ಕಲಿಸಿದೀರಲ್ಲ, ನಾನು ಬಿಡ್ತೀನಾ?

ನಮ್ಮ ಹಳೇ ಜೀಪಿನ ಲೈಟಿನ ಮುಖ ಗಾಜು. ಅದು ಒಡೆಯುತ್ತಿತ್ತು, ಮಂಕಾಗ್ತಿರಲಿಲ್ಲ. ಈಗಿನ ಕಾರುಗಳದ್ದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಕಲ್ಲು ಬಡಿದರೂ ಒಡೆಯಲ್ಲ, ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತೆ. ಆದ್ರೆ ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಆಗಿಬರಲ್ಲ. ಅದಕ್ಕೇ ಕಂಪನಿಯಲ್ಲೇ ಮೇಲೊಂದು ತೆಳು ಲೇಪ ಕೊಟ್ಟಿರ್ತಾರೆ. ವರ್ಷಗಟ್ಟಲೆ ಬಿಸಿಲು, ಮಳೆ, ಧೂಳು ತಿಂದು ಆ ಲೇಪ ಸವೆದ ಮೇಲೆ ಒಳಗಿನ ಪ್ಲಾಸ್ಟಿಕ್ ಹಳದಿಯಾಗಿ, ಸಣ್ಣ ಸಣ್ಣ ಬಿರುಕು ಬಿಡುತ್ತೆ. ಅಂದ್ರೆ ಮಂಕಾಗಿರೋದು ಬಲ್ಬಲ್ಲ, ಮುಂದಿನ ಮುಖ. ಅಮೆರಿಕದ ಎಎಎ ಅನ್ನೋ ವಾಹನ ಸವಾರರ ಸಂಘ 2018ರಲ್ಲಿ ಅಳೆದು ನೋಡಿದಾಗ, ಹೀಗೆ ಹಳದಿಯಾದ ಲೈಟು ಹೊಸದರ ಬೆಳಕಿನಲ್ಲಿ ನೂರಕ್ಕೆ 20 ಪಾಲು ಮಾತ್ರ ಕೊಡ್ತಿತ್ತು. ಉಜ್ಜಿ ಸರಿಮಾಡಿದ ಮೇಲೆ 70ರ ತನಕ ಬಂತು. ಮುಖ ಮಂಕಾಗಿರುವಾಗ ದೊಡ್ಡ ಬಲ್ಬು ಹಾಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಮಂಜಿನಲ್ಲಂತೂ ತಿರುಗಿ ನಮ್ಮ ಕಣ್ಣಿಗೇ ಬರುತ್ತೆ. ಶರತ, ನೀನೂ ಓದು: ಆ ಹೋಲ್ಡರು, ವೈರು ಎಲ್ಲ 60/55 ವ್ಯಾಟಿಗೆ ಮಾಡಿದ್ದು. ನೂರು ಹಾಕಿದ್ರೆ ಸುಡುತ್ತೆ. ಇವತ್ತೇ ತೆಗೆ.

ಕೆಲಸ ಅಂಥಾ ಕಷ್ಟದ್ದಲ್ಲ, ತಾಳ್ಮೆ ಬೇಕು ಅಷ್ಟೆ. ಸೋಪಿನ ನೀರಲ್ಲಿ ತೊಳೆದು ಒರೆಸಿ, ಸುತ್ತಲಿನ ಪೇಂಟಿಗೆ ಟೇಪು ಎರಡು ಸುತ್ತು ಅಂಟಿಸಿದೆ. ಒಂದು ಸಲ ಕೈ ಜಾರಿದರೂ ಬಾನೆಟ್ಟಿನ ಬಣ್ಣ ಹೋಗುತ್ತೆ. ಆಮೇಲೆ ವಾಟರ್ ಪೇಪರ್, ಅಂದ್ರೆ ನೀರು ಹಾಕಿ ಉಜ್ಜೋ ಮರಳು ಕಾಗದ. ಮೊದಲು 800 ನಂಬರಿನದು, ಆಮೇಲೆ 1500, 2000, ಕೊನೆಗೆ 3000. ನೀರು ಚಿಮುಕಿಸುತ್ತಲೇ ಇರಬೇಕು, ಒಣಗಲು ಬಿಡಬಾರದು. ಮೊದಲನೇ ಪೇಪರಿಗೆ ಅರಿಶಿನ ಕಲಸಿದ ಹಾಗೆ ಹಳದಿ ನೀರು ಇಳಿಯಿತು ಅಪ್ಪ, ಬಂಪರಿನ ಮೇಲೆಲ್ಲ ಗೆರೆ ಗೆರೆ. ಉಜ್ಜುತ್ತಾ ಉಜ್ಜುತ್ತಾ ಅದು ಬೆಳ್ಳಗಾಯ್ತು. ಬೆಳ್ಳಗಾದರೆ ಹಳೇ ಲೇಪ ಪೂರ್ತಿ ಹೋಯಿತು ಅಂತ ಲೆಕ್ಕ. ಒಂದು ಪೇಪರಲ್ಲಿ ಅಡ್ಡ ಉಜ್ಜಿದರೆ ಮುಂದಿನದರಲ್ಲಿ ಉದ್ದ ಉಜ್ಜಬೇಕು. ಹಿಂದಿನ ಗೀರು ಹೋಯಿತೋ ಇಲ್ಲವೋ ಆಗ ಗೊತ್ತಾಗುತ್ತೆ.

ಆ ಹೊತ್ತಿಗೆ ಲೈಟು ಮೊದಲಿಗಿಂತ ಹಾಳಾಗಿ, ಬಚ್ಚಲಿನ ಕಿಟಕಿ ಗಾಜಿನ ಹಾಗೆ ಪೂರ್ತಿ ಬೆಳ್ಳಗೆ ಕೂತಿತ್ತು. ನನ್ನ ಎದೆ ಧಸಕ್ ಅಂತು. ಪಕ್ಕದ ಮನೆ ಅಜ್ಜ ಬೇಲಿ ಆಚೆಯಿಂದ ನೋಡ್ತಾ ಇದ್ದವರು ಒಂದು ಕಪ್ ಟೀ ತಂದು ಕೊಟ್ಟು, "ಈಗ ನಿಲ್ಲಿಸಬೇಡ" ಅಂದರು. ಆಮೇಲೆ ಪಾಲಿಷ್ ಹಾಕಿ, ಅವರ ಡ್ರಿಲ್ಲಿಗೇ ಸ್ಪಂಜು ಸಿಕ್ಕಿಸಿ ತಿರುಗಿಸಿದೆ. ಒಂದೇ ಕಡೆ ಹಿಡಿದರೆ ಬಿಸಿಗೆ ಪ್ಲಾಸ್ಟಿಕ್ ಕರಗುತ್ತೆ, ಕೈ ಆಡಿಸ್ತಾ ಇರಬೇಕು. ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟಾಗ ಅಮ್ಮ ಹಗೂರಕ್ಕೆ ತಿರುಗಿಸ್ತಾಳಲ್ಲ, ಹಾಗೆ. ಮೂಲೆಯಿಂದ ಒಳಗಿನ ಬಲ್ಬು ನಿಧಾನಕ್ಕೆ ಕಾಣಿಸತೊಡಗಿತು. ಮೊದಲು ಅದರ ಹೊಳಪು, ಆಮೇಲೆ ಗಾಜು, ಆಮೇಲೆ ಅದರೊಳಗಿನ ತಂತಿ. ನಾನು ಇವರನ್ನೂ ಪುಟ್ಟಿಯನ್ನೂ ಹೊರಗೆ ಕೂಗಿ ತೋರಿಸಿದೆ.

ಕೊನೆಗೆ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಎರಡು ಸಲ ಹೊಡೆದೆ. ಇದನ್ನ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಇಲ್ಲಿ ಒಂದು ಒಣ ದಿನ ಸಿಗೋಕೆ ಕಾಯಬೇಕಾಯ್ತು, ನಮ್ಮ ಆಷಾಢದ ಹಾಗೇ ಇಲ್ಲಿನ ಅಕ್ಟೋಬರು. ಮತ್ತೆ ತಪಾಸಣೆಗೆ ಒಯ್ದಾಗ ಅದೇ ಗ್ಯಾರೇಜಿನವನು ಯಾರು ಮಾಡಿದ್ದು ಅಂತ ಕೇಳಿದ. ನಾನೇ ಅಂದೆ. ಪಾಸಾಯ್ತು.

ಇಲ್ಲಿಯ ಇನ್ನೊಂದು ವಿಚಿತ್ರ ಹೇಳಬೇಕು. ನಮ್ಮೂರಲ್ಲಿ ಎದುರಿನವನು ಲೈಟು ಮಿಣುಕಿಸಿದರೆ "ನಾನು ಬಂದೆ, ಪಕ್ಕಕ್ಕೆ ಸರಿ" ಅಂತ ಅರ್ಥ. ಇಲ್ಲಿ ಮಿಣುಕಿಸಿದರೆ "ನೀವು ಮೊದಲು ಹೋಗಿ" ಅಂತ. ಬಂದ ಹೊಸದರಲ್ಲಿ ನಾನೂ ಅವರೂ ಇಬ್ಬರೂ ನಿಂತೇ ಇರ್ತಿದ್ವಿ. ಹೋದ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದ್ದಾರೆ, ಈಗ ನಾಲ್ಕೂವರೆಗೆಲ್ಲ ಕತ್ತಲೆ. ಕೆಲಸದಿಂದ ಬರೋದು ಕತ್ತಲಲ್ಲೇ. ಹೆದರಬೇಡಿ, ನನ್ನ ಕಾರಿನ ಬೆಳಕು ಈಗ ಹಾಲು ಚೆಲ್ಲಿದ ಹಾಗಿದೆ.

ಈಗ ನಿಮ್ಮ ವಿಷಯ. ಶರತ ವ್ಯಾಗನ್ ಆರ್‌ ಲೈಟಿಗೆ ಟೂತ್‌ಪೇಸ್ಟ್ ಉಜ್ಜಿ ಫೋಟೋ ಕಳಿಸಿದ್ದ. ಅದು ಸ್ವಲ್ಪ ದಿನ ಹೊಳೆಯುತ್ತೆ, ಅಷ್ಟೆ. ಸೊಳ್ಳೆ ಓಡಿಸುವ ಸ್ಪ್ರೇ ಮಾತ್ರ ಹಚ್ಚಬೇಡಿ, ಅದರಲ್ಲಿರೋ ಡೀಟ್ ಅನ್ನೋ ರಾಸಾಯನಿಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ. ಒಳಗೆ ನೀರಿನ ಪಸೆ ಕೂತಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಹೋಗಲ್ಲ, ಲೈಟು ಬಿಚ್ಚಿ ಒಣಗಿಸಿ ಸೀಲ್ ಹಾಕಿಸಬೇಕು. ಮೂಡಿಗೆರೆಯಲ್ಲಿ ಟಿಂಕರಿಂಗ್ ಪೇಂಟಿಂಗ್ ಮಾಡೋರ ಹತ್ರ ವಾಟರ್ ಪೇಪರು, ರಬ್ಬಿಂಗ್ ಕಾಂಪೌಂಡು ಎರಡೂ ಇರುತ್ತೆ. ಕ್ಲಿಯರ್ ಕೋಟ್ ಹಾಕದೆ ಗಾಡಿ ಈಚೆ ತರಬೇಡ ಶರತ.

ಲೈಟು ಸರಿಯಾದ ರಾತ್ರಿ ಒಂದು ಕೆಲಸ ಮಾಡಿ ಅಪ್ಪ, ನನ್ನ ಮೇಲೆ ಆಣೆ. ಕಾರನ್ನು ಕೊಟ್ಟಿಗೆಯ ಬಿಳಿ ಗೋಡೆಗೆ ಇಪ್ಪತ್ತೈದು ಅಡಿ ದೂರ ನಿಲ್ಲಿಸಿ ಡಿಮ್ ಹಾಕಿ. ಗೋಡೆ ಮೇಲೆ ಬೆಳಕಿನ ಮೇಲಂಚು ಗೆರೆ ಎಳೆದ ಹಾಗೆ ಬೀಳಬೇಕು, ಎಡಗಡೆ ಸ್ವಲ್ಪ ಮೇಲಕ್ಕೆ ಏರಿರಬೇಕು. ಮೊದಲು ಶರತ ನೋಡಲಿ, ಆಮೇಲೆ ನೀವು ನೋಡಿ, ಕಂಡಿದ್ದನ್ನ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಇಬ್ಬರಿಗೂ ಗೆರೆ ಕಂಡರೆ ನೀವು ಹೇಳಿದ್ದೇ ಸರಿ, ತಪ್ಪೆಲ್ಲ ಲೈಟಿನದು. ಅವನಿಗೆ ಗೆರೆ ಕಂಡು ನಿಮಗೆ ಬರೀ ಮೋಡ ಕಂಡರೆ, ನೀವು ಕಣ್ಣು ತೋರಿಸಬೇಕು.

ಯಾಕೆ ಅಂದ್ರೆ ಅಮ್ಮ ಇನ್ನೂ ಕೆಲವು ಬರೆದಿದ್ದಾಳೆ. ಎದುರಿಂದ ಬರೋ ಲಾರಿ ಲೈಟಿನ ಸುತ್ತ ಬಳೆ ಬಳೆ ಕಾಣುತ್ತೆ ಅಂದಿರಂತೆ. ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದಿರಂತೆ. ಪೇಪರನ್ನು ಅಂಗಳಕ್ಕೆ ಒಯ್ದು ಬಿಸಿಲಲ್ಲಿ ಓದ್ತೀರಂತೆ. ಇದೆಲ್ಲ ಪೊರೆಯ ಲಕ್ಷಣ ಅಪ್ಪ. ನಂದಿಬಟ್ಟಲು ಹೂವಿನ ರಸ ಬಿಡ್ತಿದೀರಿ ಅಂತಲೂ ಬರೆದಿದ್ದಾಳೆ. ಪೊರೆ ಯಾವ ರಸಕ್ಕೂ, ಯಾವ ಡ್ರಾಪ್ಸಿಗೂ ಕರಗಲ್ಲ. ದಯವಿಟ್ಟು ನಿಲ್ಲಿಸಿ. ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ, ಕಣ್ಣಿನ ಹಿಂದಿನ ಪರದೆಯನ್ನೂ ನೋಡಿಸಬೇಕು.

ನಿಮ್ಮ ಭಯ ನನಗೆ ಗೊತ್ತು. ಅಜ್ಜಿ ಎಂ.ಸಿ. ಮೋದಿ ಡಾಕ್ಟರ ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದಾಗ ನೀವು ಹೈಸ್ಕೂಲಿನಲ್ಲಿದ್ದಿರಿ. ತಲೆ ಅಲ್ಲಾಡಿಸದೆ ಮಲಗಿದ್ದು, ನೀವೇ ಗಂಜಿ ಕುಡಿಸಿದ್ದು, ಆಮೇಲೆ ಜೀವಮಾನ ಪೂರ್ತಿ ಆ ಸೋಡಾಬುಡ್ಡಿ ಕನ್ನಡಕ, ಅದು ಕಳೆದ ದಿನ ಬಾವಿಕಟ್ಟೆ ತಡಕಾಡಿದ್ದು, ನೀವೇ ನಮಗೆ ಹೇಳಿದೀರಿ. ಆ ಕ್ಯಾಂಪುಗಳಿಲ್ಲದಿದ್ದರೆ ಅಜ್ಜಿಯಂಥ ಎಷ್ಟು ಸಾವಿರ ಜನ ಕತ್ತಲಲ್ಲೇ ಉಳೀತಿದ್ರು, ಅದನ್ನೂ ನೀವೇ ಹೇಳಿದ್ದು. ಆದ್ರೆ ಆಗ ಮಂಕಾದ ಮಸೂರ ತೆಗೀತಿದ್ರು, ಬದಲಿ ಇಡ್ತಿರಲಿಲ್ಲ. ಅದಕ್ಕೇ ಅಷ್ಟು ದಪ್ಪ ಕನ್ನಡಕ. ಈಗ ಜಾಗದಲ್ಲೇ ಪ್ಲಾಸ್ಟಿಕ್ ಲೆನ್ಸ್ ಕೂರಿಸ್ತಾರೆ.

ಅದು ಶುರುವಾಗಿದ್ದೂ ಈ ದೇಶದಲ್ಲೇ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಸೇರ್ತಿತ್ತು. ಆ ಚೂರು ಒಳಗೇ ಉಳಿದರೂ ಕಣ್ಣು ಅದನ್ನ ಸಹಿಸಿಕೊಳ್ಳೋದನ್ನ ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರು ಗಮನಿಸಿದ್ರು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಲೆನ್ಸ್ ಮಾಡಿಸಿ ಮೊದಲ ಸಲ ರೋಗಿಯ ಕಣ್ಣಲ್ಲಿ ಇಟ್ಟರು. ವಯಸ್ಸಾದ ಮೇಲೆ ಅವರಿಗೂ ಪೊರೆ ಬಂದು, ಅವರೂ ಎರಡೂ ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡರು.

ಟೀ ಕೊಟ್ಟ ಅಜ್ಜ ಇದ್ದಾರಲ್ಲ, ಅವರು ಬೇಸಿಗೆಯಲ್ಲಿ ಬಲಗಣ್ಣು ಮಾಡಿಸಿಕೊಂಡರು. ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಹೊಲಿಗೆ ಇಲ್ಲ, ಮೈಗೆಲ್ಲ ಮತ್ತು ಬರಿಸೋದೂ ಇಲ್ಲ, ಕಣ್ಣಿಗೆ ಮಾತ್ರ ಡ್ರಾಪ್ಸ್. ಮಾಡಿಸದ ಕಣ್ಣಲ್ಲಿ ಬೇಲಿ ಹಳೇ ಫೋಟೋದ ಹಾಗೆ ಹಳದಿ, ಮಾಡಿಸಿದ ಕಣ್ಣಲ್ಲಿ ಬೆಳ್ಳಗೆ ಅಂತ ಒಂದೊಂದೇ ಕಣ್ಣು ಮುಚ್ಚಿ ನನಗೆ ಹೇಳಿದ್ರು. ನಾನು ಆಗ ನಿಮ್ಮನ್ನೇ ನೆನೆಸಿಕೊಂಡೆ.

ಮಂಗಳೂರಿಗೆ ಹೋಗಿ ತೋರಿಸಿ. ಪರೀಕ್ಷೆಗೆ ಕಣ್ಣಿನ ಪಾಪೆ ಹಿಗ್ಗಿಸೋ ಡ್ರಾಪ್ಸ್ ಬಿಡ್ತಾರೆ, ಆ ದಿನ ನೀವು ಓಡಿಸಬಾರದು, ಶರತನೇ ಓಡಿಸಲಿ. ಆಪರೇಷನ್ ಅಂದರೆ ಮೊದಲು ಶುಗರ್ ಹತೋಟಿಗೆ ತರಬೇಕು ಅಂತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಮಾಡ್ತಾರೆ, ಬೇರೆ ಕಡೆ ಮಾಡಿಸಿದರೆ ದುಡ್ಡು ನಾನು ಕಳಿಸ್ತೀನಿ. ಕಾಫಿ ಮಾರೋ ತನಕ ಕಾಯೋದು ಬೇಡ. "ಕೊಯ್ಲು ಮುಗೀಲಿ" ಅನ್ನಬೇಡಿ, ನಿಮ್ಮ ಕೊಯ್ಲು ಯಾವ ವರ್ಷ ಮುಗಿದಿದೆ?

ಅಲ್ಲಿಯವರೆಗೆ ಸಂಜೆ ಆರರ ಮೇಲೆ ಸ್ಟೇರಿಂಗ್ ಮುಟ್ಟಬೇಡಿ. ನನ್ನ ಬಗ್ಗೆ ಏನೂ ಚಿಂತೆ ಬೇಡ, ಹೊತ್ತಿಗೆ ಊಟ ಮಾಡ್ತೀನಿ, ಸ್ವೆಟರ್ ಹಾಕ್ತೀನಿ, ಚಳಿ ಏನೂ ಇಲ್ಲ, ಕೆಮ್ಮು ಪೂರ್ತಿ ಹೋಗಿದೆ, ಇವರ ಕೆಲಸವೂ ಗಟ್ಟಿಯಾಗಿದೆ. ಏನೂ ಏನೂ ಚಿಂತೆ ಬೇಡ. ಅಮ್ಮ, ಮೊಣಕೈ ಫೋಟೋ ಕಳಿಸು, ನನಗೆ ನೋಡಬೇಕು.

ಪುಟ್ಟಿ ಸ್ಕೂಲು ಬಿಡೋ ಹೊತ್ತಾಯ್ತು, ಹೊರಡ್ತೀನಿ. ಗೋಡೆ ಚೀಟಿ ಎರಡೂ ಫೋಟೋ ತೆಗೆದು ಕಳಿಸಿ.

ನಿಮ್ಮ ಮಗಳು,
ವಿನುತ

ಶರತ, ಬಲ್ಬು!