ರೋಗಿ ನಿಮಗೇನಾಗಬೇಕು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ‘ಬಸ್ ನಿಲ್ದಾಣದಲ್ಲಿ ಕುಡುಕರ ಹಾವಳಿ’ ಅಂತ ಒಂದು ಸುದ್ದಿ ಬಂದಿತ್ತು. ಜೊತೆಗೊಂದು ಫೋಟೊ. ಕಂಬದ ಬುಡದಲ್ಲಿ ಒಬ್ಬ ಬಿದ್ದಿದ್ದಾನೆ. ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ. ಕೆಳಗೆ ‘ಕುಡಿದು ಬಿದ್ದಿರುವ ವ್ಯಕ್ತಿ’ ಅಂತ ಬರೆದಿದ್ದೀರಿ. ಇದೇ ಫೋಟೊ ಆಷಾಢದಲ್ಲೂ ಒಮ್ಮೆ ಬಂದಿತ್ತು. ಈ ಸಲ ‘ಸಂಗ್ರಹ ಚಿತ್ರ’ ಅಂತ ಬೇರೆ ಹಾಕಿದ್ದೀರಿ.

ಆ ಮನುಷ್ಯ ನನಗೆ ಗೊತ್ತು. ಫೋಟೊ ತೆಗೆದ ದಿನ ಅವನು ಒಂದು ಹನಿಯೂ ಕುಡಿದಿರಲಿಲ್ಲ, ಹಿಂದಿನ ದಿನವೂ ಕುಡಿದಿರಲಿಲ್ಲ. ಬಿದ್ದದ್ದು ಕುಡಿದದ್ದಕ್ಕಲ್ಲ, ಕುಡಿಯದೇ ಇದ್ದದ್ದಕ್ಕೆ.

ನಾನು ನಿಲ್ದಾಣದ ಎದುರು ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅವನನ್ನು ನಾವೆಲ್ಲ ಮೇಸ್ತ್ರಿ ಅಂತೀವಿ. ಮೊದಲು ಗಾರೆ ಕೆಲಸ ಮಾಡುತ್ತಿದ್ದ. ಈಗಲೂ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತರೆ ಅಂಗೈ ಊರಿ ನೋಡಿ, ‘ಎಡಕ್ಕೆ ಕಾಲಿಂಚು ಇಳಿದೈತೆ ಸಾವ್ಕಾರ್ರೆ’ ಅನ್ನುತ್ತಾನೆ. ಒಂದು ದಿನ ಪಕ್ಕದಲ್ಲಿ ಟೈಲ್ಸ್ ಹಾಕುತ್ತಿದ್ದವರ ಹತ್ತಿರ ರಸಮಟ್ಟ ಇಸಿದುಕೊಂಡು ಇಟ್ಟು ನೋಡಿದೆ. ಇಳಿದೇ ಇತ್ತು.

ಅವನ ಕಿವಿಯಲ್ಲಿ ಯಾರೋ ಬೈಯುತ್ತಾರೆ. ಇಬ್ಬರು ಹೆಂಗಸರು, ಒಬ್ಬ ಗಂಡಸು ಅಂತ ಲೆಕ್ಕ ಹೇಳುತ್ತಾನೆ. ಒಂದು ನೈಂಟಿ ಹಾಕಿದರೆ ಗಂಡಸು ಸುಮ್ಮನಾಗುತ್ತಾನಂತೆ. ಹೆಂಗಸರ ಬಾಯಿ ಮುಚ್ಚಿಸೋಕೆ ಇನ್ನೊಂದು ಬೇಕಂತೆ. ದನಿ ಬಂದದ್ದು ಮೊದಲೋ, ಕುಡಿತ ಶುರುವಾದದ್ದು ಮೊದಲೋ? ಅವನಿಗೇ ಗೊತ್ತಿಲ್ಲ. ಕುಡಿತದಿಂದಲೂ ಇಂಥ ದನಿ ಬರುವುದುಂಟು, ಬೇರೆ ಕಾಯಿಲೆಯಿಂದಲೂ ಬರುವುದುಂಟು. ಯಾವುದು ಅಂತ ಡಾಕ್ಟರಿಗೆ ಗೊತ್ತಾಗಬೇಕಾದರೂ ಕುಡಿತ ಬಿಡಿಸಿ ಕೆಲವು ವಾರ ಕಣ್ಣಿಟ್ಟು ನೋಡಬೇಕು. ನೋಡೋಕೆ ಅವನನ್ನು ಎಲ್ಲಾದರೂ ಇರಿಸಿಕೊಳ್ಳಬೇಕಲ್ಲ?

ನಮ್ಮೂರಲ್ಲೂ ವಸತಿರಹಿತರ ಆಶ್ರಯ ಕೇಂದ್ರ ಇದೆ. ಒಂದು ಲಕ್ಷ ಜನಸಂಖ್ಯೆಗೆ ಒಂದಾದರೂ ಇರಲಿ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದೇಶದಲ್ಲಿ ಇಂಥವು ಹೆಚ್ಚಾದವು. ಬಾಗಿಲಲ್ಲೇ ಬೋರ್ಡು: ಕುಡಿದು ಬಂದವರಿಗೆ ಪ್ರವೇಶವಿಲ್ಲ. ಜಡಿಮಳೆ ಹಿಡಿದಾಗ ಮೇಸ್ತ್ರಿ ಅಲ್ಲಿಗೆ ಹೋದ. ಬಾಯಿ ವಾಸನೆ ನೋಡಿ ವಾಪಸ್ ಕಳಿಸಿದರು. ‘ಕುಡಿಯೋದು ಬಿಟ್ಟು ಬಾ’ ಅಂದರು. ಅವನು ಹೇಳಿದ ಮಾತು ಕೇಳುವ ಆಸಾಮಿ. ಬಿಟ್ಟೇಬಿಟ್ಟ. ಎರಡನೇ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಟೀ ಲೋಟ ಹಿಡಿದರೆ ಅರ್ಧ ಟೀ ಅಂಗಿ ಮೇಲೆ. ಕೈ ಅಷ್ಟು ನಡುಗುತ್ತಿತ್ತು. ಮಧ್ಯಾಹ್ನ ಕಂಬದ ಹತ್ತಿರ ಫಿಟ್ಸ್ ಬಂತು. ಆಗ ಹಾರಿದ್ದು ಆ ಚಪ್ಪಲಿ.

ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ನಿಲ್ಲಿಸಿದರೆ ಎರಡು ದಿನದೊಳಗೆ ಹೀಗೆ ಫಿಟ್ಸ್ ಬರಬಹುದು. ಮೂರು ನಾಲ್ಕನೇ ದಿನಕ್ಕೆ ಜ್ವರ, ಗಾಬರಿ, ಇಲ್ಲದ್ದೆಲ್ಲ ಕಾಣುವುದು. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣವೂ ಹೋಗಬಹುದು. ‘ಕುಡಿಯೋದು ಬಿಡು’ ಅನ್ನೋದು ಬಾಯಿಮಾತಲ್ಲ, ಅದಕ್ಕೆ ಹಾಸಿಗೆ, ನರ್ಸು, ಮಾತ್ರೆ ಬೇಕು. ದುಬಾರಿ ಔಷಧವೇನೂ ಅಲ್ಲ. ವಿಟಮಿನ್ ಬಿ1 ಇಂಜೆಕ್ಷನ್ ಎಷ್ಟು ಅಗ್ಗ ಅಂತ ಮಾರುವ ನನಗೆ ಗೊತ್ತು. ಊಟ ಬಿಟ್ಟು ಕುಡಿದವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

108 ಬೇಗ ಬಂತು. ಅದನ್ನು ಹೇಳಲೇಬೇಕು. ಅಂಗಡಿ ಹುಡುಗನಿಗೆ ಬಿಟ್ಟು ನಾನೂ ಹತ್ತಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದರು: ಜೊತೆಗೆ ಯಾರಿದ್ದೀರಿ? ಆಧಾರ್ ಇದೆಯಾ? ವಿಳಾಸ? ಕೊನೆಗೆ, ‘ರೋಗಿ ನಿಮಗೇನಾಗಬೇಕು?’

‘ಏನೂ ಆಗಬೇಕಾಗಿಲ್ಲ’ ಅಂದೆ.

‘ಹಾಗಂದ್ರೆ ದಾಖಲು ಮಾಡೋಕಾಗಲ್ಲ. ನಾಳೆ ಎದ್ದು ಹೋದರೆ ಯಾರು ಜವಾಬ್ದಾರಿ?’

ಹಿಂದೆ ಕ್ಯೂ ಬೆಳೆಯುತ್ತಿತ್ತು. ಆ ಹುಡುಗಿಯ ತಪ್ಪೂ ಅಲ್ಲ, ಅವಳ ಮುಂದಿದ್ದ ಕಂಪ್ಯೂಟರ್ ಆ ಖಾನೆ ಖಾಲಿ ಬಿಡಲು ಒಪ್ಪುವುದಿಲ್ಲವಂತೆ. ‘ತಮ್ಮ ಅಂತ ಬರ್ಕೊಳ್ಳಿ’ ಅಂದೆ. ನನ್ನ ಅಂಗಡಿ ವಿಳಾಸ, ನನ್ನ ನಂಬರ್. ಅಷ್ಟಕ್ಕೆ ಬಾಗಿಲು ತೆರೀತು. ಐದು ದಿನ ವಾರ್ಡಿನಲ್ಲಿದ್ದ. ಚೆನ್ನಾಗಿಯೇ ನೋಡಿಕೊಂಡರು. ಆದರೆ ಅವತ್ತು ನಾನು ಹತ್ತದೆ ಇದ್ದಿದ್ದರೆ?

ನಡುಕ ನಿಂತ ಮೇಲೆ ದನಿಗಳ ವಿಷಯ ತೆಗೆದೆ. ಮನೋವೈದ್ಯರು, ‘ಮೊದಲು ಕುಡಿತ ಪೂರ್ತಿ ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ’ ಅಂದರು. ಸರಿ ಅಂತ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಫೋನು ಮಾಡಿದೆ. ‘ಕಿವೀಲಿ ಮಾತು ಕೇಳ್ಸುತ್ತೆ ಅಂದ್ರೆ ಮಾನಸಿಕ ಕೇಸು, ನಮ್ಮಲ್ಲಿ ಆಗಲ್ಲ’ ಅಂದರು. ಒಬ್ಬರು ಆ ಕಡೆ ತೋರಿಸಿದರು, ಇನ್ನೊಬ್ಬರು ಈ ಕಡೆ. ಮದ್ಯವರ್ಜನ ಶಿಬಿರಗಳಿಂದ ಎಷ್ಟೋ ಮನೆ ಉಳಿದಿವೆ, ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಆದರೆ ಅಲ್ಲಿ ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಇವನಿಗೆ ಯಾರನ್ನು ಕರೆಸೋದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೂ ಫೋನು ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಒಳ್ಳೆ ಸಲಹೆಯನ್ನೇ ಕೊಟ್ಟರು. ಫೋನಿನಲ್ಲಿ ಹಾಸಿಗೆ ಕೊಡೋಕಾಗಲ್ಲ, ಅಲ್ವಾ. ಇನ್ನು ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಕಾಯಿಲೆಗೆ ಮಂಗಳವಾರದ ಕ್ಲಿನಿಕ್ ಇದೆ. ಬೀದಿಯಲ್ಲಿ ಮಲಗುವವನಿಗೆ ಇವತ್ತು ಮಂಗಳವಾರ ಅಂತ ಯಾರು ಹೇಳಬೇಕು?

ಬಿಪಿ ಮಾತ್ರೆಗೆ ಬರುವ ವಕೀಲರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತಂದುಕೊಟ್ಟರು. ಅಂಗಡಿ ಖಾಲಿ ಇದ್ದಾಗಲೆಲ್ಲ ಓದಿದೆ. ಆಶ್ಚರ್ಯವಾಯಿತು. ಕಾನೂನು ನಮ್ಮ ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿದೆ. ಮದ್ಯ, ಮಾದಕ ವಸ್ತುಗಳಿಂದಾಗುವ ಮನಸ್ಸಿನ ತೊಂದರೆಯೂ ಮಾನಸಿಕ ಕಾಯಿಲೆಯೇ ಅಂತ ವ್ಯಾಖ್ಯೆಯಲ್ಲೇ ಹೇಳಿದ್ದಾರೆ. ಅಲ್ಲಿಗೆ ‘ಅದು ಬೇರೆ ಇದು ಬೇರೆ’ ಅನ್ನುವ ಮಾತು ನಿಲ್ಲೋದಿಲ್ಲ. ಮನೆ ಇಲ್ಲದವರಿಗೆ, ಬಿಪಿಎಲ್ ಕಾರ್ಡ್ ಇರಲಿ ಬಿಡಲಿ ಬಡವರಿಗೆ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪೂರ್ತಿ ಉಚಿತ ಅಂತ ಸೆಕ್ಷನ್ 18ರಲ್ಲಿದೆ. ಹೀಗೆ ಅಲೆಯುವ, ತನ್ನನ್ನು ತಾನು ನೋಡಿಕೊಳ್ಳಲಾಗದವರು ಕಂಡರೆ ಪೊಲೀಸರೇ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ಹಾಕಕೂಡದು, ಮನೆಯವರನ್ನು ಹುಡುಕಬೇಕು. ಇದು ಸೆಕ್ಷನ್ 100. ಒಂದು ಸಲ ನಾನು ಠಾಣೆಗೆ ಫೋನು ಮಾಡಿದಾಗ ಕೇಳಿದ ಮೊದಲ ಪ್ರಶ್ನೆ, ‘ಗಲಾಟೆ ಮಾಡ್ತಿದ್ದಾನಾ?’ ಇಲ್ಲ ಅಂದೆ. ‘ಮತ್ತೇನ್ ತೊಂದ್ರೆ?’

ಇನ್ನು ಆ ಕೌಂಟರಿನ ಪ್ರಶ್ನೆ. ಅದಕ್ಕೂ ಸೆಕ್ಷನ್ 14ರಲ್ಲಿ ಉತ್ತರ ಇದೆ. ಯಾರೂ ಇಲ್ಲದ ರೋಗಿಗೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರು ಅಥವಾ ಅವರು ನೇಮಿಸಿದವರು ಪ್ರತಿನಿಧಿಯಾಗಬಹುದು. ಅಲ್ಲಿಯವರೆಗೆ ನೋಂದಾಯಿತ ಸಂಸ್ಥೆಯ ಒಬ್ಬರು ತಾತ್ಕಾಲಿಕವಾಗಿ ನಿಲ್ಲಬಹುದು. ಅಂದರೆ ‘ಏನಾಗಬೇಕು’ ಅಂತ ಕೇಳಿದಾಗ ‘ಸರ್ಕಾರ ಆಗಬೇಕು’ ಅನ್ನಬಹುದಿತ್ತು. ನಾನು ಸುಮ್ನೆ ಸುಳ್ಳು ಹೇಳಿ ತಮ್ಮನನ್ನು ಮಾಡಿಕೊಂಡೆ.

ಈ ವಿಷಯದಲ್ಲಿ ನಮ್ಮ ರಾಜ್ಯ ಹಿಂದುಳಿದದ್ದೇನಲ್ಲ. ಮಾನಸಿಕ ಚಿಕಿತ್ಸೆಯನ್ನು ಊರೂರಿನ ಆಸ್ಪತ್ರೆಗೆ ಒಯ್ಯಬಹುದು ಅಂತ ನಿಮ್ಹಾನ್ಸ್ 1985ರ ಹೊತ್ತಿಗೇ ಬಳ್ಳಾರಿಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿದ್ದು ಅದೇ ಮಾದರಿಯಲ್ಲಿ. ದುಡ್ಡಿಲ್ಲ ಅನ್ನೋಣವೇ? 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ದರು. ಅದರಲ್ಲಿ ಮೇಸ್ತ್ರಿಯ ನೈಂಟಿಗಳೂ ಸೇರಿವೆ. ನನ್ನ ಅಂಗಡಿಯ ಆಸ್ತಿ ತೆರಿಗೆಯ ಮೇಲೆ ಶೇಕಡಾ 3 ಭಿಕ್ಷುಕರ ಕರ ಅಂತ ಪ್ರತಿ ವರ್ಷ ಕಟ್ಟುತ್ತೇನೆ. ಅತ್ತ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅದು ಮನೆ ಇರುವವರ ಲೆಕ್ಕ, ಮನೆಮನೆಗೆ ಹೋಗಿ ಕೇಳಿದ್ದು. ಕಂಬದ ಬುಡಕ್ಕೆ ಬಂದು ಯಾರು ಕೇಳುತ್ತಾರೆ?

ನಾನು ಕೇಳುವುದು ದೊಡ್ಡದೇನಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಸಮಾಜ ಕಾರ್ಯಕರ್ತರು ಇರಲಿ. ಜೊತೆಗೆ ಯಾರೂ ಇಲ್ಲದೆ ಬಂದವರಿಗೆ ಸಹಿ ಹಾಕುವ ಅಧಿಕಾರ ಅವರಿಗೆ ಇರಲಿ. ಆಶ್ರಯ ಕೇಂದ್ರದಲ್ಲಿ ಕುಡಿದು ಬಂದವರಿಗೂ ಒಂದು ಕೋಣೆ ಇರಲಿ. ಗಲಾಟೆ ಮಾಡಿದರೆ ಹೊರಗೆ ಹಾಕಿ, ವಾಸನೆ ಬಂತು ಅಂತ ಹಾಕಬೇಡಿ. ಪಕ್ಕದ ತಮಿಳುನಾಡಿನಲ್ಲಿ ಹೀಗೆ ಬೀದಿಯಲ್ಲಿರುವ ಮಾನಸಿಕ ರೋಗಿಗಳಿಗೆ ಅಂತಲೇ ಜಿಲ್ಲೆಗಳಲ್ಲಿ ತುರ್ತು ಆರೈಕೆ ಮತ್ತು ಚೇತರಿಕೆ ಕೇಂದ್ರ ಮಾಡಿದ್ದಾರೆ. ಜಾಗ ಸರ್ಕಾರದ್ದು, ನಡೆಸೋದರಲ್ಲಿ ಸಂಘ ಸಂಸ್ಥೆಗಳ ಕೈಯೂ ಇದೆ. ನಮ್ಮ ಅಧಿಕಾರಿಗಳು ಒಮ್ಮೆ ಹೋಗಿ ನೋಡಿಕೊಂಡು ಬರಲಿ.

ಮೇಸ್ತ್ರಿಗೆ ಕೊನೆಗೂ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಶುರುವಾಯಿತು. ಇಟ್ಟುಕೊಳ್ಳಲು ಜಾಗ ಇಲ್ಲ, ಚೀಲ ಕಳ್ಳತನವಾಗುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಹಾಗಾಗಿ ಮಾತ್ರೆ ನನ್ನ ಗಲ್ಲಾಪೆಟ್ಟಿಗೆ ಕೆಳಗಿನ ಡ್ರಾದಲ್ಲಿರುತ್ತದೆ. ದಿನಾ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಬಂದು ಇಸಿದುಕೊಳ್ಳುತ್ತಾನೆ. ಆಶ್ರಯ ಕೇಂದ್ರದವರು ಸೇರಿಸಿಕೊಂಡಿದ್ದರು. ಆಯುಧಪೂಜೆ ದಿನ ಯಾರೋ ಹಳೇ ಜೊತೆಗಾರರು ಕುಡಿಸಿದರು. ಅವತ್ತು ರಾತ್ರಿಯೇ ಹೊರಗೆ. ನಾಲ್ಕು ದಿನ ಪತ್ತೆ ಇಲ್ಲ, ಮಾತ್ರೆ ಡ್ರಾದಲ್ಲೇ ಉಳಿಯಿತು. ಐದನೇ ದಿನ ಬಂದ. ಈಗ ದನಿ ಮೂರಿಲ್ಲವಂತೆ, ಒಬ್ಬಳು ಮಾತ್ರ, ಅದೂ ಮೆಲ್ಲಗೆ. ರಾತ್ರಿ ನನ್ನ ಅಂಗಡಿ ಕಟ್ಟೆ ಮೇಲೆ ಮಲಗುತ್ತಾನೆ. ಚಳಿಗಾಲ ಶುರುವಾಗಿದೆ.

ಆ ಫೋಟೊದ ಅಡಿಬರಹಕ್ಕೆ ಒಂದು ತಿದ್ದುಪಡಿ ಹಾಕಿ. ‘ಫಿಟ್ಸ್ ಬಂದು ಬಿದ್ದಿದ್ದ ವ್ಯಕ್ತಿ’ ಅಂದರೆ ಸಾಕು. ಮೂರನೇ ಸಲ ಅದನ್ನು ಬಳಸಬೇಡಿ. ಈ ಪತ್ರ ಬರೆಯುವ ಮುಂಚೆ ಅವನನ್ನು ಕೇಳಿದ್ದೇನೆ. ‘ಹೆಸರು ಬ್ಯಾಡ, ಮೇಸ್ತ್ರಿ ಅಂತ ಹಾಕ್ಲಿ’ ಅಂದ. ನನ್ನ ಹೆಸರೂ ಬೇಡ. ಊರು ಗೊತ್ತಾದರೆ ಆ ಕೌಂಟರಿನ ಹುಡುಗಿಗೆ ತೊಂದರೆಯಾದೀತು.

ಒಬ್ಬ ಔಷಧ ಅಂಗಡಿಯವನು