"ಸಮಯ ಸಿಕ್ಕಾಗ" ಅಂದವನ ಕಥೆ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. "ಕೆಲಸ ಒಂದು ಹದಕ್ಕೆ ಬರಲಿ ದೊಡ್ಡಪ್ಪ, ಆಮೇಲೆ ಪ್ರಾರ್ಥನೆ, ಸತ್ಯವೇದ ಎಲ್ಲ ಸರಿಯಾಗಿ ಶುರು ಮಾಡ್ತೀನಿ" ಅಂತ ಬರೆದಿದ್ದೀಯ. ಬೇಡ ಅಂದಿಲ್ಲ ನೀನು, ಆಮೇಲೆ ಅಂದಿದ್ದೀಯ. ನನಗೆ ಚಿಂತೆಯಾದದ್ದು ಅದಕ್ಕೇ.

ಅಪೊಸ್ತಲರ ಕೃತ್ಯಗಳು 24ನೇ ಅಧ್ಯಾಯ ತೆಗೆ. ಕೈಸರೈಯದಲ್ಲಿ ದೇಶಾಧಿಪತಿ ಫೇಲಿಕ್ಸ, ಹೆಂಡತಿ ದ್ರೂಸಿಲ್ಲಳ ಜೊತೆ ಕೂತು, ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತು ಕೇಳುತ್ತಾನೆ. ನೀತಿ, ದಮೆ (ಅಂದರೆ ಮನಸ್ಸಿನ ಹಿಡಿತ), ಮುಂದೆ ಬರುವ ನ್ಯಾಯವಿಚಾರಣೆ ಈ ಮೂರರ ಮಾತು ಬಂದಾಗ ಅವನು ಹೆದರಿದ. ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ಸಮಯ ಸಿಗಲಿಲ್ಲವೇ? ಸಿಕ್ಕಿತು. 26ನೇ ವಚನ ನೋಡು: ಪದೇ ಪದೇ ಕರೆಸಿ ಮಾತಾಡಿದ, ಲಂಚ ಗಿಟ್ಟೀತೆಂಬ ಆಸೆಗೆ. ಎರಡು ವರ್ಷ ಹೀಗೇ ಕಳೆದು, ಅವನ ಜಾಗಕ್ಕೆ ಫೆಸ್ತನು ಬಂದ. ಪೌಲ ಸೆರೆಯಲ್ಲೇ ಉಳಿದ. ಮೊದಲ ದಿನದ ಆ ಹೆದರಿಕೆಯ ಸುದ್ದಿ ಮತ್ತೆ ಎಲ್ಲೂ ಇಲ್ಲ. ಯೆಹೋವನು ಸಿಗುವ ಕಾಲದಲ್ಲಿ ಆತನನ್ನು ಹುಡುಕಿ ಎಂದು ಯೆಶಾಯ 55 ಹೇಳುವಾಗ ನಾವು ಸಾವಿನ ಗಡುವನ್ನೇ ನೆನೆಯುತ್ತೇವೆ. ದೇವರ ಮಾತಿಗೆ ಕಿವಿ ಮಂದವಾಗುವುದು ಅದಕ್ಕೂ ಎಷ್ಟೋ ಮುಂಚೆ.

ಯೇಸುವಿನ ಪಕ್ಕದ ಶಿಲುಬೆಯ ಮೇಲಿನ ಕಳ್ಳ ಕಡೆಗಳಿಗೆಯಲ್ಲಿ ತಿರುಗಿಕೊಳ್ಳಲಿಲ್ಲವೇ ಅಂತ ಕೇಳಬೇಡ. ಅವನು ಸಂಡೇ ಸ್ಕೂಲಿನಿಂದ ಕೇಳುತ್ತಾ ಬಂದು ಮುಂದೂಡಿದವನಲ್ಲ.

ಓದನ್ನು ಆದಿಕಾಂಡದಿಂದ ಹಿಡಿಯಬೇಡ. ಹಾಗೆ ಹಿಡಿದವರು ವಿಮೋಚನಕಾಂಡ 25ರಲ್ಲಿ ಆರಾಧನೆಯ ಗುಡಾರದ ಮೊಳದ ಲೆಕ್ಕ ಬಂದ ಕೂಡಲೇ ಸಿಕ್ಕಿಬೀಳುತ್ತಾರೆ. ಮಾರ್ಕನ ಸುವಾರ್ತೆ ತಗೋ, 16 ಅಧ್ಯಾಯ, ದಿನಕ್ಕೊಂದು. ಬಾಯಿಬಿಟ್ಟು ಓದು; ಕಣ್ಣು ಹಾರಿಸಿಬಿಡುವ ಮಾತನ್ನು ನಾಲಿಗೆ ಹಾರಿಸುವುದಿಲ್ಲ. ಹಳೆಯ ಅನುವಾದದ ಕನ್ನಡ ತೊಡಕೆನಿಸಿದರೆ ಹೊಸದನ್ನು ಓದು, ಅದರಲ್ಲೇನೂ ಪಾಪವಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿದೂಗಿಸಲು ಹೋಗಬೇಡ. ಬಾಕಿ ಮೂರಕ್ಕೇರಿದಾಗ ಪುಸ್ತಕ ಮುಚ್ಚಿಡುವುದೇ ಹೆಚ್ಚು. ಬಿಟ್ಟಲ್ಲಿಂದ ಹಿಡಿ, ಸಾಕು.

ಪ್ರಾರ್ಥನೆಗೆ ಹತ್ತು ನಿಮಿಷ, ಫೋನ್ ಮುಟ್ಟುವ ಮೊದಲು. ಮಾತು ಹೊರಡದಿದ್ದರೆ ಪಾಪ ಒಪ್ಪಿಕೊಳ್ಳುವ 51ನೇ ಕೀರ್ತನೆ ಓದಿಕೋ. ಆದರೆ "ನನ್ನ ಪಾಪಗಳನ್ನೆಲ್ಲ ಕ್ಷಮಿಸು" ಅಂತ ಗಂಟುಕಟ್ಟಿ ಒಪ್ಪಿಸಬೇಡ. ಒಂದೊಂದರ ಹೆಸರು ಹೇಳು. ಹೆಸರಿಟ್ಟು ಹೇಳಿದ್ದು ಕೆಲಸ ಹಚ್ಚುತ್ತದೆ, ಜನ ಜಾರಿಕೊಳ್ಳುವುದೂ ಅಲ್ಲಿಯೇ. ಆಫೀಸಿನ ಬಿಲ್ಲಿಗೆ 2,000 ರೂಪಾಯಿ ಹೆಚ್ಚು ಬರೆದಿದ್ದೀಯ ಅಂತಿಟ್ಟುಕೋ. ಒಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು ಎಂದು ಅರಣ್ಯಕಾಂಡ 5ನೇ ಅಧ್ಯಾಯ, ಅಂದರೆ 2,400. ಲೂಕ 19ರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ ತಾನಾಗಿ ನಾಲ್ಕರಷ್ಟು ಅಂದ, ಅದು 8,000. ಹಾಗೆ ಕೊಟ್ಟು ರಕ್ಷಣೆ ಕೊಂಡುಕೊಂಡನೆಂದಲ್ಲ. ಯೇಸು ಅವನ ಮನೆಗೆ ಬಂದದ್ದು ಮೊದಲು, ಲೆಕ್ಕ ಆಮೇಲೆ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಅದೂ ಈ ಖಾತೆಗೇ ಸೇರುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯ 5ರಲ್ಲಿದೆ.

ಭಾನುವಾರದ ಆರಾಧನೆಗೆ ಮನಸ್ಸು ಹದವಾಗುವ ತನಕ ಕಾಯಬೇಡ, ಹೋಗು.

ನಾಳೆ ಮಾರ್ಕ 1, 45 ವಚನ. 33ಕ್ಕೆ ಬಂದಾಗ ನಿಧಾನಿಸು: ಸಂಜೆ ಊರಿಗೆ ಊರೇ ಯೇಸುವಿದ್ದ ಮನೆಯ ಬಾಗಿಲಲ್ಲಿ ನೆರೆದಿತ್ತು. ಅಷ್ಟು ಕೆಲಸದ ಮರುದಿನ, ಇನ್ನೂ ಕತ್ತಲಿರುವಾಗಲೇ, ಆತನು ಎದ್ದು ಎಲ್ಲಿಗೆ ಹೋದನೆಂದು 35ರಲ್ಲಿ ಓದಿ ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ