ಏಳಲಾರದವಳ ಕೈಗೆ ಕೋಳ: ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರಿಯ ರಾಘವೇಂದ್ರ,

ನೀನು ಮಕ್ಕಳೊಂದಿಗೆ ಅಮೆರಿಕದ ಸಾಂತಾ ಕ್ರೂಜ್‌ನ ಕಡಲತೀರದಲ್ಲಿ ತೆಗೆಸಿಕೊಂಡ ಚಿತ್ರ ಬಂದು ತಲುಪಿತು. ಅದನ್ನು ನೋಡುತ್ತಿದ್ದಂತೆ, ಹೋದ ತಿಂಗಳು ನೀನು ಫೋನಿನಲ್ಲಿ ಕೇಳಿದ ಮಾತು ನೆನಪಾಯಿತು: "ಔಷಧಿ ಎಂದು ಕರೆದ ಮಾತ್ರಕ್ಕೆ ಗಾಂಜಾ ಗಾಂಜಾ ಅಲ್ಲದೆ ಹೋಗುತ್ತದೆಯೇ?" ಅಂದು ನಾನು ಸಿಟ್ಟಿನಲ್ಲಿ ಏನೋ ಹೇಳಿ ಮಾತು ಮುಗಿಸಿದೆ. ಆ ಸಿಟ್ಟಿನ ಕಾರಣವನ್ನು ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ.

ನೀನು ನಿಂತಿದ್ದ ಅದೇ ಊರಿನಲ್ಲಿ ವ್ಯಾಲರಿ ಕೊರಾಲ್ ಎಂಬ ಹೆಣ್ಣುಮಗಳು 1973ರ ಕಾರು ಅಪಘಾತದ ನಂತರ ಮೂರ್ಛೆರೋಗಕ್ಕೆ ತುತ್ತಾಗಿ, ವೈದ್ಯರು ಕೊಟ್ಟ ಮಾತ್ರೆಗಳಿಂದ ಆಗದ ಶಮನವನ್ನು ಗಾಂಜಾದಿಂದ ಕಂಡುಕೊಂಡರು. 1993ರಲ್ಲಿ ಅವರು ತಮ್ಮ ಗಂಡನ ಜೊತೆ ಸೇರಿ ರೋಗಿಗಳದೇ ಒಂದು ಸಂಘವನ್ನು ಕಟ್ಟಿದರು. ಅದರ ಸದಸ್ಯರಲ್ಲಿ ಹೆಚ್ಚಿನವರು ಕ್ಯಾನ್ಸರ್ ಮತ್ತು ಏಡ್ಸ್‌ನ ಕೊನೆಯ ಹಂತದಲ್ಲಿದ್ದವರು. ಕೈಲಾದವರು ತೋಟದಲ್ಲಿ ದುಡಿಯುತ್ತಿದ್ದರು, ದುಡ್ಡಿಲ್ಲದವರಿಗೂ ಅವರ ಪಾಲು ಸಿಗುತ್ತಿತ್ತು. 1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ವೈದ್ಯರ ಸಲಹೆಯಿದ್ದರೆ ರೋಗಿಯು ಗಾಂಜಾ ಬೆಳೆದು ಬಳಸಬಹುದೆಂಬ ಕಾನೂನನ್ನು ತಾವೇ ಮತ ಹಾಕಿ ತಂದರು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ: ಇಡೀ ಅಮೆರಿಕಕ್ಕೆ ಅನ್ವಯಿಸುವ ಒಕ್ಕೂಟದ ಕಾನೂನಿನಲ್ಲಿ ಗಾಂಜಾ ನಿಷಿದ್ಧವಾಗಿಯೇ ಉಳಿದಿತ್ತು. ಆ ವರ್ಷ ಮುಗಿಯುವ ಮೊದಲೇ, ಇಂಥ ಸಲಹೆ ನೀಡುವ ವೈದ್ಯರಿಂದ ನಿಯಂತ್ರಿತ ಔಷಧಿಗಳನ್ನು ಬರೆದುಕೊಡುವ ನೋಂದಣಿಯನ್ನು ಕಿತ್ತುಕೊಳ್ಳುವುದಾಗಿ ಒಕ್ಕೂಟ ಸರ್ಕಾರದ ಅಧಿಕಾರಿಗಳು ಬೆದರಿಸಿದರು. ವೈದ್ಯನ ಬಾಯಿ ಕಟ್ಟಿದರೆ ರೋಗಿಯ ಬಾಯನ್ನು ಬೇರೆಯಾಗಿ ಕಟ್ಟಬೇಕಾಗಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ವೈದ್ಯರ ಮಾತಿಗೆ ಸಂವಿಧಾನದ ರಕ್ಷಣೆಯಿದೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳುವ ಹೊತ್ತಿಗೆ 2002ರ ಅಕ್ಟೋಬರ್ ಬಂದಿತ್ತು.

ಅದಕ್ಕೆ ಸುಮಾರು ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 5ರ ಬೆಳಿಗ್ಗೆ, ಒಕ್ಕೂಟ ಸರ್ಕಾರದ ಮಾದಕವಸ್ತು ನಿಗ್ರಹ ದಳದವರು ಬಂದೂಕು ಹಿಡಿದು ಆ ತೋಟಕ್ಕೆ ನುಗ್ಗಿದರು. ಒಳಗೆ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಒಬ್ಬ ಮಹಿಳೆ ಮಲಗಿದ್ದರು. ಎದ್ದು ನಿಲ್ಲೆಂದು ಆಜ್ಞೆಯಾಯಿತು. ತನಗೆ ಏಳಲಾಗುವುದಿಲ್ಲ ಎಂದು ಅವರು ಹೇಳಿದಾಗ, ಮಲಗಿದ್ದ ಹಾಸಿಗೆಯಲ್ಲಿಯೇ ಕೈಗೆ ಕೋಳ ತೊಡಿಸಿದರು. ರಾಘು, ಇಷ್ಟು ವರ್ಷಗಳಾದರೂ ಈ ಒಂದು ಚಿತ್ರ ನನ್ನ ಮನಸ್ಸಿನಿಂದ ಮಾಸಿಲ್ಲ. ಹೊರಗೆ ಕೊಯ್ಲಿನ ಹೊತ್ತಿಗೆ ಬಂದಿದ್ದ ನೂರಕ್ಕೂ ಹೆಚ್ಚು ಗಿಡಗಳನ್ನು ಕಡಿದು ಒಯ್ದರು. ದಂಪತಿಗಳನ್ನು ಬಂಧಿಸಿದವರು ಅವರ ಮೇಲೆ ಯಾವ ಮೊಕದ್ದಮೆಯನ್ನೂ ಹೂಡಲಿಲ್ಲ. ಅಂದರೆ ಅಪರಾಧವನ್ನು ಸಾಬೀತುಪಡಿಸುವ ಹೊಣೆಯನ್ನೇ ಹೊರದೆ, ಸಾಯುತ್ತಿದ್ದವರ ಔಷಧಿಯನ್ನಷ್ಟೇ ಹೊತ್ತುಕೊಂಡು ಹೋದರು. ಇದನ್ನು ದಬ್ಬಾಳಿಕೆ ಎನ್ನದೆ ಬೇರೆ ಏನೆಂದು ಕರೆಯಲಿ?

ಹನ್ನೆರಡು ದಿನ ಕಳೆದ ಮೇಲೆ, ಸೆಪ್ಟೆಂಬರ್ 17ರಂದು, ಸಾಂತಾ ಕ್ರೂಜ್‌ನ ನಗರಸಭೆಯ ಅಂಗಳದಲ್ಲಿ, ನಗರಸಭೆಯ ಸದಸ್ಯರ ಸಮಕ್ಷಮದಲ್ಲಿಯೇ, ರೋಗಿಗಳು ತಮ್ಮ ಪಾಲಿನ ಔಷಧಿಯನ್ನು ಹಾಡಹಗಲೇ ಪಡೆದರು. ಊರಿಗೆ ಊರೇ ರೋಗಿಗಳ ಬೆನ್ನಿಗೆ ನಿಂತ ಆ ದಿನವನ್ನು ನೆನೆದರೆ ಎದೆ ತುಂಬಿ ಬರುತ್ತದೆ.

ಇದೇ ಒಕ್ಕೂಟ ಸರ್ಕಾರವು ಎಪ್ಪತ್ತರ ದಶಕದ ಕೊನೆಯಿಂದ, ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಗಾಂಜಾವನ್ನು ಬೆರಳೆಣಿಕೆಯ ರೋಗಿಗಳಿಗೆ ತಾನೇ ಕೊಡುತ್ತಿತ್ತು ಎಂಬುದು ನಿನಗೆ ಗೊತ್ತಿರಲಾರದು. 1992ರಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ದಾಳಿಯ ಮರುವರ್ಷವೇ ಅದೇ ಸರ್ಕಾರದ ಆರೋಗ್ಯ ಇಲಾಖೆಯು, ಗಾಂಜಾದ ಅಂಶಗಳು ನರಕೋಶಗಳನ್ನು ರಕ್ಷಿಸುತ್ತವೆಂದು ಹೇಳಿಕೊಂಡು ಪೇಟೆಂಟ್ ಪಡೆಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ರೋಗಿಯು ತನ್ನ ಹಿತ್ತಿಲಿನಲ್ಲಿ ತನಗಾಗಿಯೇ ಬೆಳೆದ ಗಿಡದ ಮೇಲೂ ಒಕ್ಕೂಟ ಸರ್ಕಾರಕ್ಕೆ ಅಧಿಕಾರವಿದೆಯೆಂದು 6–3ರ ಬಹುಮತದಿಂದ ತೀರ್ಪು ಕೊಟ್ಟಿತು. ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನುಗಳಿಗೆ ಅಡ್ಡಿಪಡಿಸಲು ಹಣ ಖರ್ಚು ಮಾಡಬಾರದೆಂದು ಸಂಸತ್ತು ನ್ಯಾಯ ಇಲಾಖೆಯ ಕೈ ಕಟ್ಟಿದ್ದು 2014ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಕಾಯುವ ಆಯುಸ್ಸು ಆ ಸಂಘದ ಎಷ್ಟು ಜನರಿಗಿತ್ತು?

ಗಾಂಜಾ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ಕೀಮೋಥೆರಪಿಯ ವಾಂತಿಗೆ, ಏಡ್ಸ್ ರೋಗಿಗಳ ಹಸಿವಿಲ್ಲದಿರುವಿಕೆಗೆ, ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಿಗೆ ಅದರ ಅಂಶಗಳಿಂದ ಇಲ್ಲವೇ ಅವುಗಳ ಕೃತಕ ರೂಪದಿಂದ ಆದ ಔಷಧಿಗಳಿಗೆ ಆ ದೇಶವೇ ಒಪ್ಪಿಗೆ ಕೊಟ್ಟಿದೆ. ಎಲ್ಲಿ ಎಷ್ಟು ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ, ಬಂದೂಕು ಹಿಡಿದವರಲ್ಲ.

ನನಗೇಕೆ ಇಷ್ಟು ಸಂಕಟವೆಂದರೆ, ಅಮ್ಮನ ಕೊನೆಯ ನಾಲ್ಕು ತಿಂಗಳು ನನ್ನ ಕಣ್ಣ ಮುಂದಿದೆ. ಅದು 2011. ನೀನು ಆಗ ಅಲ್ಲಿದ್ದೆ, ಎಲ್ಲವನ್ನೂ ನಿನಗೆ ಹೇಳಿರಲಿಲ್ಲ. ನಮ್ಮಲ್ಲಿ ಗಾಂಜಾವನ್ನೂ ತೀವ್ರ ನೋವನ್ನು ತಣಿಸುವ ಮಾರ್ಫಿನ್ನನ್ನೂ ಹಿಡಿದಿಟ್ಟಿರುವುದು 1985ರ ಒಂದೇ ಕಾಯಿದೆ. ಅದರ ಕಠಿಣ ಶಿಕ್ಷೆಗಳಿಗೂ ಹಲವು ಬಗೆಯ ಪರವಾನಗಿಗಳಿಗೂ ಹೆದರಿ, ಎಷ್ಟೋ ಆಸ್ಪತ್ರೆಗಳು ನೋವಿನ ಔಷಧಿಯನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ಆ ನಿಯಮಗಳು ಸಡಿಲವಾದದ್ದು ಅಮ್ಮನಿಗೆ ದಕ್ಕಲಿಲ್ಲ. "ಅಭ್ಯಾಸವಾಗಿಬಿಡುತ್ತದೆ" ಎಂದರು ಇಲ್ಲಿನ ಒಬ್ಬ ವೈದ್ಯರು, ಗೋಡೆಯ ಕಡೆ ಮುಖ ಮಾಡಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದ್ದ ಅಮ್ಮನನ್ನು ಕುರಿತು. ಹತ್ತು ದಿನಕ್ಕೊಮ್ಮೆ ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದೆ. ಔಷಧಿ ಕೊಡುವವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಯಾರಿಗೆ? ನಿಜವಾಗಿಯೂ ತಾಯಿಗೇನಾ?" ಎಂದು ಎಲ್ಲರೆದುರಿಗೆ ಕೇಳುತ್ತಿದ್ದ. ಅವನಿಗೂ ಮೇಲಿನವರ ಭಯವಿದ್ದಿರಬಹುದು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

ಅಮ್ಮ ಹೋದ ಮೇಲೆ ನಾಲ್ಕು ಮಾತ್ರೆಗಳು ಉಳಿದಿದ್ದವು. ಉಳಿದರೆ ಹಿಂತಿರುಗಿಸಬೇಕೆಂದು ಮೊದಲೇ ಹೇಳಿದ್ದರಿಂದ, ಹದಿಮೂರನೆಯ ದಿನದ ಕಾರ್ಯ ಮುಗಿಸಿ ಮತ್ತೆ ಅದೇ ಬಸ್ಸು ಹತ್ತಿದೆ. ಅವನು ಎರಡು ಸಲ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು, ನನ್ನ ಬೋಳುತಲೆಯನ್ನು ನೋಡಿ, ಏನೂ ಕೇಳದೆ ಸಹಿಗೆಂದು ಪೆನ್ನು ಮುಂದೆ ಚಾಚಿದ.

ಇಂತಿ ನಿನ್ನ,
ಶ್ರೀಧರ